ಮಲ್ಪೆಯ ಬನ್ಸ್ ಹಸಿಯಿತ್ತು, ಯಾರೂ ಹೇಳಲಿಲ್ಲ

ಈ ಸಲ ಊರಿಗೆ ಹೋದಾಗ ಒಂದು ಬೆಳಗ್ಗೆ ಮನೆಯವರೆಲ್ಲ ಸೇರಿ ತಿಂಡಿಗೆಂದು ಉಡುಪಿ ಹತ್ತಿರದ ಮಲ್ಪೆಗೆ ಹೋಗಿದ್ದೆವು. ಬೀಚಿನ ಹತ್ತಿರ ಹೊಸ ಜಾಗ ಆಗಿದೆ, ಬೆಳಗ್ಗೆ ಬೇಗ ತೆರೆಯುತ್ತಾರೆ ಎಂದು ಅಕ್ಕನ ಮಗ ಹೇಳಿದ್ದ. ಅಕ್ಕ, ಭಾವ, ಚಿಕ್ಕಮ್ಮ, ನಾನು. ಬಿದಿರಿನ ತಟ್ಟಿ, ಗೋಡೆ ಮೇಲೆ ದೋಣಿಯ ಚಿತ್ರ, ತೆಂಗಿನ ಮರದ ಕೆಳಗೆ ನಾಲ್ಕು ಟೇಬಲ್. ಇಪ್ಪತ್ತೈದರ ಆಸುಪಾಸಿನ ಹುಡುಗ. ಆರ್ಡರ್ ತೆಗೆದುಕೊಳ್ಳುವವನೂ ಅವನೇ, ಟೇಬಲ್ ಒರೆಸುವವನೂ ಅವನೇ. ಒಳಗೆ ಎಣ್ಣೆ ಮುಂದೆ ಇನ್ನೊಬ್ಬ ಇದ್ದ.

ಬನ್ಸ್ ಹೇಳಿದೆವು, ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಕರಿಯುವ ನಮ್ಮ ಕಡೆಯ ದಪ್ಪ ಪೂರಿ. ಬಂತು. ನೋಡಲಿಕ್ಕೆ ಚೆಂದ ಉಬ್ಬಿತ್ತು, ಬಣ್ಣವೂ ಚೆನ್ನಾಗಿ ಬಂದಿತ್ತು. ಮುರಿದರೆ ಒಳಗೆ ಹಿಟ್ಟು ಹಾಗೇ ಇದೆ. ಬೆರಳಿಗೆ ಅಂಟುತ್ತದೆ. ಚಟ್ನಿ ಫ್ರಿಜ್ಜಿನಿಂದ ನೇರ ತಟ್ಟೆಗೆ ಬಂದದ್ದು, ಹಲ್ಲು ಜುಮ್ ಎನ್ನುವಷ್ಟು ತಣ್ಣಗೆ.

ಹುಡುಗ ಬಂದು ಕೇಳಿದ, "ಹೇಗಿತ್ತು ಆಂಟಿ?"

"ಒಳ್ಳೆದುಂಟು" ಎಂದರು ಚಿಕ್ಕಮ್ಮ. ಭಾವ "ಫಸ್ಟ್ ಕ್ಲಾಸ್" ಎಂದರು. ಅಕ್ಕ ನಕ್ಕು ತಲೆಯಾಡಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಟೇಬಲಿನ ಕೆಳಗೆ ನನ್ನ ಕಾಲು ತುಳಿದಳು.

ಕಾರಿನ ಬಾಗಿಲು ಹಾಕಿದ್ದೇ ತಡ, ಶುರುವಾಯಿತು. "ಎಂಥ ಬನ್ಸ್ ಮಾರಾಯಾ ಅದು, ಹೊಟ್ಟೆನೋವು ಬಾರದಿದ್ದರೆ ಸಾಕು" ಎಂದು ಚಿಕ್ಕಮ್ಮ. ಚಟ್ನಿ ನಿನ್ನೆಯದ್ದು ಎಂದು ಅಕ್ಕ. ಎಣ್ಣೆ ಕಾದದ್ದು ಜಾಸ್ತಿಯಾಗಿದೆ, ಅದಕ್ಕೇ ಹೊರಗೆ ಕೆಂಪು, ಒಳಗೆ ಹಸಿ ಎಂದು ಭಾವ ಕಾರಣವನ್ನೂ ಹೇಳಿದರು. ಸರಿಯಾದ ಕಾರಣವೇ. ಆ ಹುಡುಗ ಇನ್ನೂ ಹತ್ತು ಮಾರು ದೂರದಲ್ಲಿ ನಿಂತು ನಮಗೆ ಕೈ ಬೀಸುತ್ತಿದ್ದ. ಅವನಿಗೆ ಬೇಕಾಗಿದ್ದ ಮಾತೆಲ್ಲ ನಮ್ಮ ಕಾರಿನೊಳಗೆ ಇತ್ತು.

"ಅವನಿಗೆ ಹೇಳಬಹುದಿತ್ತಲ್ವಾ?" ಎಂದೆ.

"ನಮಗೆ ಯಾಕೆ ಅವನ ಉಸಾಬರಿ? ಇನ್ನು ಬರದಿದ್ದರಾಯ್ತು" ಎಂದಳು ಅಕ್ಕ.

ಆ ಮಾತು ನನಗೆ ಚುಚ್ಚಿತು. ಇದನ್ನು ಬರೆಯಲು ಕೂತದ್ದೇ ಅದರಿಂದ.

ನಾನಿರುವುದು ಚೆನ್ನೈಯಲ್ಲಿ. ಬೆಸೆಂಟ್ ನಗರದ ಎಲಿಯಟ್ಸ್ ಬೀಚು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಬೆಳಗ್ಗೆ ಐದೂವರೆಗೇ ಅಲ್ಲಿ ಜನ ಸೇರುತ್ತಾರೆ. ಕಾರ್ಲ್ ಸ್ಮಿತ್ ಸ್ಮಾರಕದ ಸುತ್ತ ವ್ಯಾಯಾಮ ಮಾಡುವವರು, ವೇಲಾಂಕಣ್ಣಿ ಚರ್ಚಿನ ಕಡೆಯಿಂದ ಅಷ್ಟಲಕ್ಷ್ಮಿ ದೇವಸ್ಥಾನದ ಕಡೆಗೆ ಬಿರಬಿರನೆ ನಡೆಯುವವರು. ರಸ್ತೆ ಬದಿಯಲ್ಲಿ ಬಾಳೆದಿಂಡಿನ ಜ್ಯೂಸು, ಸಜ್ಜೆ ಅಂಬಲಿ ಮಾರುವವರು. ಏಳು ಗಂಟೆ ಹೊತ್ತಿಗೆ ಎಲ್ಲರಿಗೂ ಹಸಿವು. ಆಗ ಹಿಂದಿನ ಅಡ್ಡರಸ್ತೆಗಳ ಟಿಫಿನ್ ಅಂಗಡಿಗಳು ತುಂಬುತ್ತವೆ.

ಅಲ್ಲಿ ಹೊಸ ಟಿಫಿನ್ ಅಂಗಡಿ ತೆರೆದರೆ ಏನಾಗುತ್ತದೆ ಎಂದು ಹೇಳುತ್ತೇನೆ. ಮೊದಲ ವಾರವೇ ವಾಕಿಂಗ್ ಗುಂಪುಗಳು ಒಂದೊಂದಾಗಿ ಬಂದು ನೋಡುತ್ತವೆ. ಸುಮ್ನೆ ತಿಂದು ಹೋಗುವವರಲ್ಲ ಅವರು. ನಮ್ಮ ರಸ್ತೆಯ ಹತ್ತಿರ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ತಿರುನೆಲ್ವೇಲಿ ಕಡೆಯ ಒಬ್ಬರು ಅಂಗಡಿ ಹಾಕಿದರು. ಪೊಂಗಲ್, ವಡೆ, ಇಡ್ಲಿ, ಕಾಫಿ, ಅಷ್ಟೇ. ನಾನು ಪಕ್ಕದಲ್ಲಿ ನಿಂತು ತಿನ್ನುತ್ತಿದ್ದೆ. ವಾಕಿಂಗ್ ಶೂ ಹಾಕಿದ ಹಿರಿಯರೊಬ್ಬರು ಪೊಂಗಲ್ಲನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಬಾಯಿಗೆ ಹಾಕಿದರು. ಮಾಲೀಕನನ್ನು ಕೂಗಿ ಕರೆದರು.

"ತಂಬಿ, ಇಲ್ಲಿ ಬಾ. ಅಕ್ಕಿ ಬೆಂದಿದೆ, ಬೇಳೆ ಬೆಂದಿಲ್ಲ. ನೋಡು, ಹಲ್ಲಿಗೆ ಸಿಗ್ತಿದೆ. ಮೆಣಸು ತುಪ್ಪದಲ್ಲಿ ಸರಿಯಾಗಿ ಹುರಿದಿಲ್ಲ, ಹಸಿ ವಾಸನೆ. ಕಾಫಿ ಮಾತ್ರ ಚೆನ್ನಾಗಿದೆ, ಅದನ್ನು ಮುಟ್ಟಬೇಡ."

ಮಾಲೀಕ ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಂಡು ಪೂರ್ತಿ ಕೇಳಿಸಿಕೊಂಡ. ಒಂದು ಮಾತು ಎದುರಾಡಲಿಲ್ಲ. ಪಕ್ಕದಲ್ಲಿದ್ದ ಮಾಮಿಯೊಬ್ಬರು ಚಟ್ನಿಗೆ ಹುರಿಗಡಲೆ ಜಾಸ್ತಿಯಾಯಿತು ಎಂದರು. ಅದನ್ನೂ ಕೇಳಿಸಿಕೊಂಡ. ಮರುದಿನ ಹಿರಿಯರು ಬಂದ ಕೂಡಲೇ ಒಂದು ಚೂರು ಬಾಳೆಎಲೆಯಲ್ಲಿ ಒಂದು ಚಮಚ ಪೊಂಗಲ್ ತಂದು ಕೊಟ್ಟ. "ಈಗ?" ಎಂದ. ಅವರು ತಿಂದು ನೋಡಿ "ಈಗ ಸರಿ" ಎಂದರು. ಪ್ಲೇಟು ಹೇಳಿದರು. ಇವತ್ತು ಆ ಶೆಡ್ಡಿನ ಮುಂದೆ ಏಳೂವರೆಗೆ ಹೋದರೆ ನಿಲ್ಲಲು ಜಾಗ ಸಿಗುವುದಿಲ್ಲ.

ಅಲ್ಲಿ ಯಾರೂ ಅಡುಗೆ ಪಂಡಿತರಲ್ಲ. ಆ ಹಿರಿಯರು ಮನೆಯಲ್ಲಿ ಒಲೆ ಹಚ್ಚಿದವರಂತೂ ಅಲ್ಲ. ಆದರೆ ತಮ್ಮ ಬೀದಿಯ ಅಂಗಡಿ ಚೆನ್ನಾಗಿರಬೇಕು ಎಂಬ ಆಸೆ ಇದೆ. ಅದು ತಮ್ಮ ಕೆಲಸ ಎಂಬ ನಂಬಿಕೆ ಇದೆ. ನಮ್ಮಲ್ಲಿ ಅದೇ ಇಲ್ಲ ಎಂದು ನನ್ನ ಸಿಟ್ಟು. ನಾಲಿಗೆ ನಮಗೇನು ಕಡಿಮೆ? ಇಡ್ಲಿಗೆ ಉದ್ದು ಎಷ್ಟು ಬಿದ್ದಿದೆ ಎಂದು ಕಣ್ಣಲ್ಲೇ ಅಳೆಯುವವರು ನಮ್ಮ ಮನೆಗಳಲ್ಲಿ ಇದ್ದಾರೆ. ಚಿಕ್ಕಮ್ಮ ಒಂದು ತುಂಡು ಬನ್ಸ್ ತಿಂದು ಹಿಟ್ಟು ಯಾವಾಗ ಕಲಸಿದ್ದು ಎಂದು ಹೇಳುತ್ತಾರೆ. ಅಷ್ಟು ಗೊತ್ತಿದ್ದವರು "ಒಳ್ಳೆದುಂಟು" ಎಂದು ಎದ್ದು ಬರುತ್ತಾರಲ್ಲ, ಅದು ನನಗೆ ಸಹಿಸುವುದಿಲ್ಲ.

ಕಡಲ ದಡದಲ್ಲಿ ಬೆಳಗ್ಗಿನ ತಿಂಡಿಯ ವ್ಯಾಪಾರ ನಮ್ಮ ಕಡೆ ಮೊದಲೇ ಕಷ್ಟದ್ದು. ಚೆನ್ನೈಯಲ್ಲಿ ಸೂರ್ಯ ಸಮುದ್ರದಿಂದ ಏಳುತ್ತಾನೆ. ಅದನ್ನು ನೋಡಲೆಂದೇ ಜನ ಬೆಳಗ್ಗೆ ದಡಕ್ಕೆ ಬರುತ್ತಾರೆ. ನಮ್ಮಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ. ಜನ ಬರುವುದು ಸಂಜೆಗೆ. ಅದಕ್ಕೇ ಮಲ್ಪೆಯಲ್ಲಿ, ಪಣಂಬೂರಿನಲ್ಲಿ, ಕಾಪುವಿನಲ್ಲಿ ದಡದ ಅಂಗಡಿಗಳೆಲ್ಲ ಸಂಜೆಯ ಅಂಗಡಿಗಳು. ಚರುಮುರಿ, ಗೋಬಿ, ಐಸ್‌ಕ್ರೀಮ್, ಮೀನು ಫ್ರೈ. ಬೆಳಗ್ಗೆ ಏಳಕ್ಕೆ ಹೋದರೆ ಅವುಗಳ ಮೇಲೆ ಟಾರ್ಪಾಲು. ಬಂದರಿನ ಒಳಗಿನ ಗೂಡಂಗಡಿಗಳ ಮಾತು ಬೇರೆ. ಅಲ್ಲಿ ದೋಣಿಯಿಂದ ಇಳಿದವರಿಗೆ ಕತ್ತಲಿರುವಾಗಲೇ ಚಾ ಸಿಗುತ್ತದೆ. ಆದರೆ ಅದು ದುಡಿಯುವವರ ಜಾಗ, ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ ಕೂರುವ ಜಾಗ ಅಲ್ಲ.

ಆಮೇಲೆ ಮಳೆ. ಉಡುಪಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಗ ಬೀಚಿಗೆ ಬಲೆ ಕಟ್ಟುತ್ತಾರೆ, ಸೈಂಟ್ ಮೇರೀಸ್ ದ್ವೀಪದ ಬೋಟು ನಿಲ್ಲುತ್ತದೆ, ಹೊರಗಿನವರು ಬರುವುದಿಲ್ಲ. ಹೊಸದಾಗಿ ಹೋಟೆಲು ಹಾಕಿದವನಿಗೆ ಸಿಗುವುದು ಅಕ್ಟೋಬರ್‌ನಿಂದ ಮೇ ತಿಂಗಳ ತನಕ. ಅಷ್ಟರಲ್ಲಿ ಅವನು ಊರಿನವರನ್ನು ಗೆಲ್ಲಬೇಕು. ಮಳೆಗಾಲದಲ್ಲಿ ಬಾಗಿಲು ತೆರೆದಿಡಬೇಕಾದರೆ ಊರಿನವರೇ ಗತಿ. ಅವನ ಹತ್ತಿರ ಸಮಯ ಕಡಿಮೆ. ಅದಕ್ಕೇ ಎರಡನೇ ದಿನವೇ ಯಾರಾದರೂ ಅವನಿಗೆ ಹೇಳಬೇಕಿತ್ತು.

ಯಾರೂ ಹೇಳದಿದ್ದಾಗ ಅವನು ಏನು ಮಾಡುತ್ತಾನೆ? ಬೆಂಗಳೂರಿನಿಂದ ಶನಿವಾರ ಭಾನುವಾರ ಬಂದವರು ಹೇಳಿದ್ದನ್ನು ಕೇಳುತ್ತಾನೆ. ಅವರು ಬಾಯಲ್ಲಿ ಹೇಳುವುದೂ ಕಡಿಮೆ. ಗೂಗಲಿನಲ್ಲಿ ನಕ್ಷತ್ರ ಹಾಕಿ, ಪ್ಯಾನ್‌ಕೇಕ್ ಇದ್ದರೆ ಚೆನ್ನಾಗಿತ್ತು, ಪಾಸ್ತಾ ಇದ್ದರೆ ಚೆನ್ನಾಗಿತ್ತು ಎಂದು ಬರೆದು ಹೋಗುತ್ತಾರೆ. ಹುಡುಗ ಪ್ಯಾನ್‌ಕೇಕ್ ಹಾಕುತ್ತಾನೆ. ಮುಂದಿನ ವರ್ಷ ಬನ್ಸ್ ತೆಗೆಯುತ್ತಾನೆ, ಅದಕ್ಕೆ ರಾತ್ರಿಯೇ ಹಿಟ್ಟು ಕಲಸಬೇಕಲ್ಲ. ಏಳಕ್ಕೆ ತೆರೆಯುತ್ತಿದ್ದ ಬಾಗಿಲು ಒಂಬತ್ತೂವರೆಗೆ ತೆರೆಯುತ್ತದೆ, ಪ್ರವಾಸಿಗರು ಏಳುವುದು ಆಗಲೇ ತಾನೆ. ಆಮೇಲೆ ನಾವು, "ಮಲ್ಪೆ ಪೂರ್ತಿ ಗೋವಾ ಆಗಿಹೋಯಿತು, ನಮ್ಮ ತಿಂಡಿ ಎಲ್ಲೂ ಸಿಗುವುದಿಲ್ಲ" ಎನ್ನುತ್ತೇವೆ. ನಮ್ಮ ತಿಂಡಿ ಹೇಗಿರಬೇಕು ಎಂದು ನಾವು ಅವನಿಗೆ ಯಾವಾಗ ಹೇಳಿದ್ದೆವು?

ಮರುದಿನ ನಾನೊಬ್ಬನೇ ಸ್ಕೂಟರ್ ತೆಗೆದುಕೊಂಡು ಆ ಹುಡುಗನ ಹತ್ತಿರ ಹೋದೆ. ಗಿರಾಕಿಗಳು ಇರಲಿಲ್ಲ. ಹೇಳಿದೆ. ಬನ್ಸ್ ಒಳಗೆ ಬೆಂದಿರಲಿಲ್ಲ, ಉರಿ ಸಣ್ಣ ಮಾಡಬೇಕು, ಎಣ್ಣೆ ಹೊಗೆಯಾಡುವಷ್ಟು ಕಾಯಬಾರದು ಎಂದೆ. ಚಟ್ನಿ ಆಗಿಂದಾಗ ರುಬ್ಬಬೇಕು ಎಂದೆ. ಅವನ ಮುಖ ಒಂದು ಕ್ಷಣ ಚಿಕ್ಕದಾಯಿತು, ನಿಜ. ಆಮೇಲೆ ಒಳಗಿನಿಂದ ಬಾಳೆಗೊನೆಯ ಚಿಪ್ಪು ತಂದು ತೋರಿಸಿದ. "ಇದು ಸಾಕಾ ಅಣ್ಣ, ಇನ್ನೂ ಹಣ್ಣಾಗ್ಬೇಕಾ?" ಸಾಲದು, ಸಿಪ್ಪೆ ಕಪ್ಪಾಗುವಷ್ಟು ಹಣ್ಣಾಗಬೇಕು ಎಂದೆ. ಹಿಟ್ಟನ್ನು ಎಷ್ಟು ಹೊತ್ತು ಇಡುತ್ತೀ ಎಂದರೆ ಬೆಳಗ್ಗೆ ನಾಲ್ಕಕ್ಕೆ ಕಲಸುತ್ತೇನೆ ಎಂದ. ರಾತ್ರಿಯೇ ಕಲಸಿಡು, ಮೊಸರು ಸ್ವಲ್ಪ ಹುಳಿ ಇರಲಿ ಎಂದೆ. ನಮ್ಮ ಅಮ್ಮ ಮಾಡುತ್ತಿದ್ದದ್ದು ಹಾಗೆ. ಲಟ್ಟಿಸುವಾಗ ಪೂರಿಗಿಂತ ದಪ್ಪ, ಆದರೆ ಅವನು ಮಾಡಿದಷ್ಟು ದಪ್ಪ ಬೇಡ. ಅವನು ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ.

"ತಿಂದವರೆಲ್ಲ ಒಳ್ಳೆದುಂಟು ಅಂತಾರೆ. ಮತ್ತೆ ಬರುವುದೇ ಇಲ್ಲ. ಯಾಕೆ ಅಂತ ಗೊತ್ತಾಗ್ತಿರ್ಲಿಲ್ಲ" ಎಂದ.

ಅಂಗಡಿ ಹಾಕಿದವನ ಬಾಯಿಂದ ಈ ಮಾತು ಕೇಳುವುದು ಕಷ್ಟ. ಅವನು ಸಾಲ ಮಾಡಿದ್ದಾನೆ. ಜಾಗಕ್ಕೆ ಬಾಡಿಗೆ ಕೊಡುತ್ತಾನೆ. ದಿನಾ ಬೆಳಗ್ಗೆ ಎದ್ದು ಕಾಯುತ್ತಾನೆ. ತಪ್ಪು ಎಲ್ಲಿ ಎಂದು ಹೇಳಲು ಊರಲ್ಲಿ ಒಬ್ಬರೂ ಇಲ್ಲ.

ಅದೇ ವಾರ ಬೇರೆ ಕೆಲವು ಹೊಸ ಜಾಗಗಳಿಗೂ ಹೋದೆ. ಒಂದರಲ್ಲಿ ಗೋಳಿಬಜೆ ಸೋಡಾ ಜಾಸ್ತಿಯಾಗಿ ಎಣ್ಣೆ ಕುಡಿದಿತ್ತು. ಇನ್ನೊಂದರಲ್ಲಿ ಸಜ್ಜಿಗೆ ಬಜಿಲ್, ಅಂದರೆ ಉಪ್ಪಿಟ್ಟು ಅವಲಕ್ಕಿ, ಎಂದು ಬೋರ್ಡಿನಲ್ಲಿ ಇತ್ತು, ಕೇಳಿದರೆ ಇಲ್ಲ. ಅವುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಹೇಳಬೇಕಾದದ್ದು ಪಡುಕೆರೆಯ ಒಂದು ಮನೆಯ ಬಗ್ಗೆ. ಮಲ್ಪೆಯಿಂದ ಸೇತುವೆ ದಾಟಿದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ಸಾಲು ಮತ್ತು ರಸ್ತೆ. ಆ ರಸ್ತೆಯಲ್ಲಿ ಒಬ್ಬ ಅಕ್ಕ ಮನೆಯ ಜಗಲಿಯಲ್ಲೇ ತಿಂಡಿ ಕೊಡಲು ಶುರು ಮಾಡಿದ್ದಾರೆ. ಎರಡು ಬೆಂಚು. ಬೋರ್ಡು ಇಲ್ಲ. ಗಂಡ ಬಂದರಿನಿಂದ ಬೆಳಗ್ಗೆ ಮೀನು ತರುತ್ತಾರೆ. ತಿಂಡಿ ನೀರುದೋಸೆ ಮತ್ತು ಆ ದಿನದ ಮೀನಿನ ಗಸಿ. ಮೀನು ಬೇಡದವರಿಗೆ ಕಾಯಿಬೆಲ್ಲ.

ಅವರು ದೋಸೆ ಹುಯ್ಯುವುದನ್ನು ನಾನು ಒಲೆ ಪಕ್ಕದಲ್ಲೇ ನಿಂತು ನೋಡಿದೆ. ಪ್ರತಿ ದೋಸೆಗೂ ಮೊದಲು ಸೌಟನ್ನು ತಳದ ತನಕ ಇಳಿಸಿ ಹಿಟ್ಟು ಕಲಕುತ್ತಿದ್ದರು. ಕಲಕದಿದ್ದರೆ ಅಕ್ಕಿ ಕೆಳಗೆ ಕೂರುತ್ತದೆ, ಮೇಲಿನದು ಬರೀ ನೀರು. ಆತುರದ ಹೋಟೆಲುಗಳಲ್ಲಿ ಕಡೆಯ ದೋಸೆಗಳು ಗಟ್ಟಿಯಾಗುವುದು ಅದಕ್ಕೇ. ಕಾವಲಿಗೆ ಹುಯ್ದದ್ದು ಹೊರಗಿನ ಅಂಚಿನಿಂದ, ಒಳಗೆ ಸುತ್ತಿಕೊಂಡು. ಚುಂಯ್ ಎಂದು ಸದ್ದಾಗಿ ತೂತುಗಳು ಬಿದ್ದವು. ನಡುವೆ ಉಳಿದ ಜಾಗಕ್ಕೆ ನಾಲ್ಕು ಹನಿ ಹಾಕಿ ತುಂಬಿದರು. ಮುಚ್ಚಳ. ಅಂಚು ತಾನಾಗಿ ಏಳುವ ತನಕ ಮುಟ್ಟಲಿಲ್ಲ. ಮಗುಚಿ ಹಾಕಲಿಲ್ಲ. ಮಡಚಿ ತಟ್ಟೆಗೆ ಹಾಕಿದಾಗ ಒಗೆದು ಒಣಗಿಸಿದ ಪಂಚೆಯ ಹಾಗೆ ಬೆಳ್ಳಗಿತ್ತು. ಬಂಗುಡೆ ಗಸಿಯಲ್ಲಿ ಹುಳಿ ಮುಂದೆ, ಖಾರ ಹಿಂದೆ. ತಿಂದದ್ದು ಎಷ್ಟು ಎಂದು ಲೆಕ್ಕ ಇಡಲಿಲ್ಲ.

"ಅಕ್ಕ, ಇಂಥ ನೀರುದೋಸೆ ತಿನ್ನದೆ ಎಷ್ಟೋ ವರ್ಷ ಆಯ್ತು" ಎಂದೆ. ಅವರು ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಹೌದಾ? ಸರಿ ಉಂಟಾ? ಜನ ಬರ್ತಾರೆ, ತಿಂತಾರೆ, ಹೋಗ್ತಾರೆ. ಯಾರೂ ಏನೂ ಹೇಳುವುದಿಲ್ಲ. ನಾನು ಈ ಮಳೆಗಾಲಕ್ಕೆ ನಿಲ್ಲಿಸುವ ಅಂತ ಇದ್ದೆ."

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಗೆ ಕಷ್ಟ. ನಿಲ್ಲಿಸಲು ಅದು ಒಂದು ಕಾರಣ ಇರಬಹುದು. ಆದರೆ ತನ್ನ ಕೈಯ ದೋಸೆ ಚೆನ್ನಾಗಿದೆಯೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ! ಹಸಿ ಬನ್ಸಿನ ಹುಡುಗನಿಗೂ ನಾವು ಹೇಳಲಿಲ್ಲ. ಇಷ್ಟು ಒಳ್ಳೆಯ ದೋಸೆ ಮಾಡುವ ಇವರಿಗೂ ಹೇಳಲಿಲ್ಲ. "ಒಳ್ಳೆದುಂಟು" ಎಂಬುದನ್ನು ಎಲ್ಲರಿಗೂ ಹಂಚಿ ಹಂಚಿ, ನಿಜವಾಗಿ ಒಳ್ಳೆಯದು ಸಿಕ್ಕಿದಾಗ ಹೇಳಲು ನಮ್ಮ ಹತ್ತಿರ ಬೇರೆ ಮಾತು ಉಳಿದಿಲ್ಲ. ಇದು ನನಗೆ ಹಸಿ ಬನ್ಸಿಗಿಂತ ಹೆಚ್ಚು ನೋವು ಕೊಟ್ಟಿತು.

ನಮ್ಮ ಉಡುಪಿಯವರು ಹೋಟೆಲಿನಲ್ಲಿ ಹೆಸರು ಮಾಡಿದ್ದು ಎಲ್ಲಿ ಎಂದು ಯೋಚಿಸಿ. ರಥಬೀದಿಯ ಮಿತ್ರ ಸಮಾಜದಂಥ ಹಳೆಯ ಹೋಟೆಲುಗಳು ಊರಲ್ಲೇ ಇವೆ, ಅವುಗಳ ಗೋಳಿಬಜೆಗೆ ನಾನೂ ಕೈಮುಗಿಯುತ್ತೇನೆ. ಆದರೆ ಉಡುಪಿ ಹೋಟೆಲ್ ಎಂಬ ಬೋರ್ಡು ದೇಶ ತುಂಬಿದ್ದು ಊರು ಬಿಟ್ಟು ಹೋದವರಿಂದ. ಕಡಂದಲೆಯ ಕೃಷ್ಣ ರಾಯರು ಮದರಾಸಿಗೆ ಹೋಗಿ 1938ರಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದರು. ಕೆಥೆಡ್ರಲ್ ರಸ್ತೆಯಲ್ಲಿ ಅವರ ಡ್ರೈವ್ ಇನ್ 1962ರಲ್ಲಿ ತೆರೆದು 2008ರ ತನಕ ನಡೆಯಿತು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸರಕಾರಿ ತೋಟ ಇದೆ. ಚೆನ್ನೈಯ ಹಿರಿಯರ ಎದುರು ಆ ಹೆಸರು ಎತ್ತಿ ನೋಡಿ, ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ. ಸಾಂಬಾರು ಯಾವ ವರ್ಷ ಕೆಟ್ಟಿತು, ಯಾವ ವರ್ಷ ಸುಧಾರಿಸಿತು ಎಂಬುದೂ ಅವರಿಗೆ ನೆನಪಿದೆ. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯರು ಬೆಂಗಳೂರಿನಲ್ಲಿ 1924ರಲ್ಲಿ ಶುರು ಮಾಡಿದ್ದು ಇವತ್ತಿನ ಎಂಟಿಆರ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಮಾಡಿದ್ದು ತಾವೇ ಎಂದು ಎಂಟಿಆರ್‌ನವರು ಹೇಳುತ್ತಾರೆ.

ಅವರೆಲ್ಲರ ಕೈರುಚಿ ಊರಿನದ್ದೇ. ಆದರೆ ಪರಊರಿನಲ್ಲಿ ಗಿರಾಕಿ ಬಾಯಿಬಿಟ್ಟು ಹೇಳುತ್ತಿದ್ದ, ಇವರು ಕಿವಿಗೊಟ್ಟು ಕೇಳುತ್ತಿದ್ದರು. ಅವರ ಏಳಿಗೆಯಲ್ಲಿ ಅದಕ್ಕೂ ಪಾಲಿದೆ ಎಂದು ನನ್ನ ಗಟ್ಟಿ ಅನಿಸಿಕೆ. ಮದರಾಸಿನ ಜನರ ಎದುರು ಕಾಫಿ ಕೆಡಿಸಿ ಬದುಕಲು ಸಾಧ್ಯವೇ? ಊರಿನಲ್ಲೇ ಹೋಟೆಲು ಹಾಕುವ ಇವತ್ತಿನ ಹುಡುಗರಿಗೆ ಆ ಪಾಠ ಸಿಗುತ್ತಿಲ್ಲ.

ಭಾವನ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಶಾಂತ ಮನುಷ್ಯ. ವೀಳ್ಯ ಮಡಚುತ್ತಾ, "ನೀವು ಹೇಳುವುದು ಸರಿ. ಆದ್ರೆ ಸಾಲ ಮಾಡಿ ಅಂಗಡಿ ಹಾಕಿದವನಿಗೆ ಬೆಳಗ್ಗೆ ಬೆಳಗ್ಗೆ ಹೋಗಿ ನಿನ್ನದು ಸರಿಯಿಲ್ಲ ಅಂತ ಹೇಗೆ ಹೇಳುವುದು ಮಾರಾಯ್ರೆ? ಹೊಟ್ಟೆಪಾಡಿನ ವಿಷಯ ಅಲ್ವಾ?" ಎಂದರು. ಹೊಟ್ಟೆಪಾಡಿನ ವಿಷಯ ಆದದ್ದಕ್ಕೇ ಹೇಳಬೇಕು ಎಂದೆ. ಕಳೆದ ವರ್ಷ ಇದೇ ರಸ್ತೆಯಲ್ಲಿ ಇದ್ದ ಇನ್ನೊಂದು ತಿಂಡಿ ಜಾಗ ಈಗ ಇಲ್ಲ. ಅಲ್ಲಿಗೂ ಭಾವ ಹೋಗಿದ್ದರು. ಅಲ್ಲಿಯೂ "ಫಸ್ಟ್ ಕ್ಲಾಸ್" ಎಂದಿದ್ದರು. ಅದನ್ನು ನೆನಪಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನ ಇಡ್ಲಿ ಕಲ್ಲು" ಎಂದರು. ಈಗ ಹೇಳಿ ಏನು ಬಂತು?

ಇಷ್ಟು ಹೇಳಿದ ಮೇಲೆ ಚೆನ್ನೈಯ ಇನ್ನೊಂದು ಮುಖವನ್ನೂ ಹೇಳಬೇಕು. ಹೇಳುವುದೆಲ್ಲ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ ಎಂದಿಲ್ಲ. ಬಿಸಿ ಸಾಲದು ಎಂದು ಒಬ್ಬರು ಕಾಫಿಯನ್ನು ಮತ್ತೆ ಮತ್ತೆ ವಾಪಸು ಕಳಿಸಿದ್ದನ್ನು ನೋಡಿದ್ದೇನೆ. ತರುತ್ತಿದ್ದದ್ದು ಬಿಹಾರದ ಕಡೆಯ ಸಣ್ಣ ಹುಡುಗ. ತಮಿಳು ಅರ್ಥವಾಗದೆ ಗಾಬರಿಯಾಗಿ ನಿಂತಿದ್ದ. ಕಾಫಿ ಮಾಡಿದವನು ಅವನಲ್ಲ. ಎಲ್ಲರ ಎದುರು ಬೈಸಿಕೊಂಡವನು ಅವನು. ಅಂಥದ್ದು ನಮ್ಮೂರಿನ ಹೋಟೆಲಿನಲ್ಲಿ ನಾನು ಕಂಡಿಲ್ಲ. ನಮ್ಮವರು ತಿಂಡಿ ತರುವವನನ್ನು "ತಮ್ಮಾ" ಎಂದೇ ಕರೆಯುತ್ತಾರೆ, ತಡವಾದರೂ ದನಿ ಏರಿಸುವುದಿಲ್ಲ. ಭಾವ ಹಸಿ ಬನ್ಸ್ ತಿಂದು ಪೂರ್ತಿ ದುಡ್ಡು ಕೊಟ್ಟು, ಚಿಲ್ಲರೆ ಇಟ್ಟುಕೋ ಎಂದು ಬಂದವರು. ಆ ಮೃದುತನ ಚೆನ್ನೈಯಲ್ಲಿ ನನಗೆ ಬೇಕೆಂದಾಗ ಸಿಗುವುದಿಲ್ಲ.

ಮತ್ತೆ, ಬೆಸೆಂಟ್ ನಗರದ ಅಷ್ಟೂ ಟಿಫಿನ್ ಅಂಗಡಿ ಸೇರಿಸಿದರೂ ಪಡುಕೆರೆಯ ಆ ಅಕ್ಕನ ಒಂದು ದೋಸೆಗೆ ಸಮವಲ್ಲ. ಇದನ್ನು ಒಪ್ಪಲು ನನಗೆ ಏನೂ ಬೇಜಾರಿಲ್ಲ. ಬೇಜಾರಿರುವುದು ಇನ್ನೊಂದನ್ನು ಒಪ್ಪಲು. ನಮ್ಮಲ್ಲಿ ಹೇಳುವುದೇ ಇಲ್ಲ ಎಂದು ನಾನು ವಾದ ಮಾಡುತ್ತಿದ್ದಾಗ ಚಿಕ್ಕಮ್ಮ ಒಂದು ಸಂಗತಿ ಹೇಳಿದರು. ಕಾಪು ಕಡೆ ಒಂದು ಹೊಸ ಹೋಟೆಲಿನ ಸಾಂಬಾರಿಗೆ ಬೆಲ್ಲ ಜಾಸ್ತಿ ಬೀಳುತ್ತಿತ್ತಂತೆ. ಹೋಟೆಲಿನವನಿಗೆ ಯಾರೂ ಹೇಳಲಿಲ್ಲ. ಒಂದು ಮದುವೆಯಲ್ಲಿ ಅವನ ಅಮ್ಮ ಚಿಕ್ಕಮ್ಮನ ಪಕ್ಕದ ಎಲೆಗೆ ಕೂತರು. ಬಡಿಸಿದ ಸಾಂಬಾರು ತೋರಿಸಿ, "ನಿಮ್ಮ ಮಗನ ಹೋಟೆಲಿನದ್ದಕ್ಕೆ ಇಷ್ಟೇ ಬೆಲ್ಲ ಸಾಕು ಅಲ್ವಾ?" ಎಂದರಂತೆ ಚಿಕ್ಕಮ್ಮ. ಮಾತು ಮುಟ್ಟಿತು. ಈಗ ಸಾಂಬಾರು ಸರಿಯಾಗಿದೆ.

ಹಾಗೆ ನೋಡಿದರೆ ನಮ್ಮವರೂ ಹೇಳುತ್ತಾರೆ. ಸುತ್ತಿ ಬಳಸಿ ಹೇಳುತ್ತಾರೆ. ದೇವಸ್ಥಾನದಲ್ಲಿ, ಮದುವೆಯಲ್ಲಿ, ಸೊಸೈಟಿಯ ಕ್ಯೂನಲ್ಲಿ. ಹುಡುಗನ ಮುಖ ಸಣ್ಣದಾಗುವುದಿಲ್ಲ, ಸಾಂಬಾರೂ ಸರಿಯಾಗುತ್ತದೆ. ಚಿಕ್ಕಮ್ಮ ಗೆದ್ದವರಂತೆ ನನ್ನ ಕಡೆ ನೋಡಿದರು. ನಾನು ಎದುರಾಡಲಿಲ್ಲ. ಆ ದಾರಿಯಲ್ಲಿ ಮಾತು ತಡವಾಗಿ ಹೋಗುತ್ತದೆ, ಹೋಗುತ್ತಾ ಹೋಗುತ್ತಾ ಬೇರೆಯೇ ಆಗುತ್ತದೆ. "ಬೆಲ್ಲ ಜಾಸ್ತಿ" ಎಂದದ್ದು ನಾಲ್ಕು ಬಾಯಿ ದಾಟಿ "ಅವರ ಹೋಟೆಲಿನಲ್ಲಿ ನಿನ್ನೆಯ ಸಾಂಬಾರು ಬಿಸಿ ಮಾಡಿ ಕೊಡ್ತಾರಂತೆ" ಎಂದಾಗಲು ಎಷ್ಟು ಹೊತ್ತು? ಆದರೂ ಮುಟ್ಟುತ್ತದೆ ಎಂಬುದನ್ನು ಒಪ್ಪುತ್ತೇನೆ.

ಮುಟ್ಟುವುದು ಊರಿನವರಿಗೆ ಮಾತ್ರ. ಈಗ ಮಲ್ಪೆಯಿಂದ ಕಾಪು ತನಕ, ಆಚೆ ಸುರತ್ಕಲ್, ತಣ್ಣೀರುಬಾವಿ ಕಡೆಯೂ, ಕಡಲ ಬದಿಯಲ್ಲಿ ತಿಂಡಿ ಜಾಗ ಹಾಕುತ್ತಿರುವವರಲ್ಲಿ ಎಷ್ಟೋ ಜನ ಬೇರೆ ಕಡೆಯಿಂದ ಬಂದವರು. ನಾನು ಮಾತಾಡಿಸಿದವರಲ್ಲಿ ದಾವಣಗೆರೆಯ ದಂಪತಿ ಇದ್ದರು, ಬೆಂಗಳೂರಿನ ಕೆಲಸ ಬಿಟ್ಟು ಬಂದ ಒಬ್ಬಳು ಹುಡುಗಿ ಇದ್ದಳು. ಆಸೆಯಿಂದ ಬಂದಿದ್ದಾರೆ. ಇಡ್ಲಿ ಹಿಟ್ಟು ಹುಯ್ದು ಬೇಯಿಸುವ ಎಲೆಯ ಮೂಡೆ ಕಟ್ಟುವುದು ಹೇಗೆ ಎಂದು ಆ ಹುಡುಗಿ ಯೂಟ್ಯೂಬ್ ನೋಡಿ ಕಲಿತಿದ್ದಾಳೆ. ಕೇದಗೆ ಎಲೆ ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳಿದಳು, ಚಿಕ್ಕಮ್ಮನ ನಂಬರು ಕೊಟ್ಟು ಬಂದಿದ್ದೇನೆ. ಇವರ ಅಮ್ಮಂದಿರು ನಮ್ಮ ಮದುವೆಗಳಲ್ಲಿ ಪಕ್ಕದ ಎಲೆಗೆ ಕೂರುವವರಲ್ಲ. ಇವರಿಗೆ ಮಾತು ಮುಟ್ಟಬೇಕಾದರೆ ದುಡ್ಡು ಕೊಡುವಾಗ ಕೌಂಟರಿನಲ್ಲೇ ಹೇಳಬೇಕು, ಅದೂ ಮಳೆ ಹಿಡಿಯುವ ಮೊದಲು.